ಕತೆಯೊಳಗಿನ ಅಜ್ಜನ್ನ ಯಾಕೆ ಸಾಯಿಸ್ತೀರಿ?

“ಯಾಕ್ರೀ ಸರ, ನಿಮ್ಮ ಕತಿಯೊಳಗ ಮುದುಕ ಬಂದಾ ಅಂದ್ರ ಸಾಯೋದು ಗ್ಯಾರಂಟಿ ಏನ್ರಿ?”

ಬಾಗಲಕೋಟೆಯ ನವನಗರದಲ್ಲಿ ನಾನು ಚಹಾ ಕುಡಿಯುವ ಅಂಗಡಿಯಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ನಾನು ಬರೆದಿರೋದು ಹತ್ತು-ಹನ್ನೆರಡು ಕತೆ. ಅದರಲ್ಲಿ ನಾಲ್ಕು ಜನ ಅಜ್ಜಂದಿರು ತೀರಿಕೊಂಡಿದ್ದಾರೆ. ಕೇಳುವವರದು ತಪ್ಪೇನಿಲ್ಲ.

ಆದರೆ ಇದು ನನ್ನೊಬ್ಬನ ಚಟ ಅಲ್ಲ. 1977ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಹುಡುಗನಿಗೆ ಮೊದಲ ಪಾಠ ಹೇಳಿದ ಒಬಿ-ವಾನ್ ಕೆನೋಬಿ ಅರ್ಧ ದಾರಿಯಲ್ಲೇ ಹೋಗುತ್ತಾನೆ. ಹ್ಯಾರಿ ಪಾಟರ್‌ನ ಏಳು ಪುಸ್ತಕಗಳಲ್ಲಿ ಹೆಡ್‌ಮಾಸ್ತರ ಡಂಬಲ್‌ಡೋರ್ ಆರನೆಯದರಲ್ಲಿ ಸಾಯುತ್ತಾನೆ. (ಇನ್ನೂ ಓದದವರು ಬೈಯಬೇಡಿ. ಅದು ಬಂದಿದ್ದು 2005ರಲ್ಲಿ, ಸಾಕಷ್ಟು ಟೈಮ್ ಇತ್ತಲ್ವಾ?)

ಕಾರಣ ಸರಳ. ಎಲ್ಲ ಬಲ್ಲ ಅಜ್ಜ ಪಕ್ಕದಲ್ಲೇ ಇದ್ದರೆ ಹುಡುಗ ಯಾಕೆ ಒದ್ದಾಡಬೇಕು? “ಅಜ್ಜಾ, ನೀನೇ ನೋಡ್ಕೋ” ಅಂದುಬಿಡುತ್ತಾನೆ. ಕತೆ ಅಲ್ಲಿಗೇ ಮುಗೀತು. ಹಾಗಾಗಿ ಅಜ್ಜನನ್ನು ಹೇಗಾದರೂ ದಾರಿಯಿಂದ ಸರಿಸಬೇಕು. ಸಾಯಿಸೋದು ಅದರಲ್ಲಿ ಸೋಮಾರಿಗಳ ಉಪಾಯ.

ನಮ್ಮ ಭೀಷ್ಮನದು ಉಲ್ಟಾ. 10ನೇ ದಿನ ಬಾಣದ ಮೇಲೆ ಬಿದ್ದ ಮೇಲೇ ಅವನ ಮಾತು ಜಾಸ್ತಿ. ವ್ಯಾಸರ ಶಾಂತಿಪರ್ವ, ಅನುಶಾಸನಪರ್ವದ ತುಂಬ ಅವನ ಉಪದೇಶವೇ. ಗದುಗಿನ ಕುಮಾರವ್ಯಾಸ ಅದು ಬರುವ ಮೊದಲೇ, 10 ಪರ್ವಕ್ಕೇ ಭಾರತ ನಿಲ್ಲಿಸಿದ. ಜಾಣ!

ಸಾಯಿಸದೆಯೂ ಗೆದ್ದವರಿದ್ದಾರೆ. 1984ರ ಕರಾಟೆ ಕಿಡ್ ಸಿನಿಮಾದ ಮುದುಕ ಗುರು ಮಿಯಾಗಿಯನ್ನೇ ನೋಡಿ. ಕರಾಟೆ ಕಲಿಸು ಅಂದರೆ ಕಾರಿಗೆ ಮೇಣ ತಿಕ್ಕಿಸುತ್ತಾನೆ, ಬೇಲಿಗೆ ಬಣ್ಣ ಬಳಿಸುತ್ತಾನೆ. ಹೊಡೆತ ತಡೆಯುವ ವರಸೆ ಅದರಲ್ಲೇ ಇತ್ತು ಅಂತ ಹುಡುಗನಿಗೆ ಆಮೇಲೆ ತಿಳಿಯುತ್ತದೆ. ಎಲ್ಲರಿಗೂ ಇದೇ ನೆನಪು. ನನಗೆ ಕಾಡುವುದು ಇನ್ನೊಂದು ರಾತ್ರಿ. ಮಿಯಾಗಿ ಹಳೇ ಮಿಲಿಟರಿ ಡ್ರೆಸ್ ಹಾಕಿಕೊಂಡು ಕುಡಿದು ಕೂತಿದ್ದಾನೆ. ಎರಡನೇ ಮಹಾಯುದ್ಧದಲ್ಲಿ ಅವನು ಅಮೆರಿಕದ ಪರ ಹೋರಾಡುತ್ತಿದ್ದ. ಅದೇ ಅಮೆರಿಕ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಶಿಬಿರದಲ್ಲಿ ಅವನ ಹೆಂಡತಿ, ಮಗು ಹೆರಿಗೆಯಲ್ಲಿ ತೀರಿಕೊಂಡಿದ್ದರು. ಹುಡುಗನ ಪಂದ್ಯಕ್ಕೂ ಈ ರಾತ್ರಿಗೂ ಏನೂ ಸಂಬಂಧವಿಲ್ಲ. ಅಜ್ಜನಿಗೆ ಅವನದೇ ಒಂದು ಬದುಕಿದೆ, ಅಷ್ಟೇ. ನನ್ನ ಕತೆಗಳಲ್ಲಿ ತಪ್ಪಿಹೋಗಿದ್ದು ಅದೇ.

ನಿಜ ಹೇಳಬೇಕೆಂದರೆ, ನನ್ನ ನಾಲ್ಕೂ ಅಜ್ಜಂದಿರು ಒಬ್ಬರೇ. ಹಳೇ ಬಾಗಲಕೋಟೆಯ ನಮ್ಮ ಗರಡಿಯ ವಸ್ತಾದರು. ಸೇರಿದ ಮೊದಲ ಎಂಟು ದಿನ ನನಗೆ ಒಂದು ಪಟ್ಟೂ ಹೇಳಿಕೊಡಲಿಲ್ಲ. ಬರೀ ಮಣ್ಣು ಹದ ಮಾಡುವ ಕೆಲಸ. ಮಜ್ಜಿಗೆ, ಎಣ್ಣೆ, ಅರಿಸಿನ ಹಾಕಿ ಸಲಿಕೆಯಿಂದ ತಿರುವಿ ಹಾಕಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಉದುರದಿದ್ದರೆ ಮತ್ತೆ ಸಲಿಕೆ.

ಆಲಮಟ್ಟಿ ಹಿನ್ನೀರಿಗೆ ಆ ಓಣಿ ಮುಳುಗಡೆಯಾಯಿತು. ನವನಗರಕ್ಕೆ ಬರುವಾಗ ಜನ ಟ್ರ್ಯಾಕ್ಟರಿನಲ್ಲಿ ಬಾಗಿಲು, ಕಿಟಕಿ, ತೊಲೆ ಹೇರಿಕೊಂಡು ಬಂದರು. ವಸ್ತಾದರು ಗರಡಿ ಮಣ್ಣು ತಂದರು. ಐದು ಚೀಲ. ಹೊಸ ಗರಡಿ ಆಗಲೇ ಇಲ್ಲ. ಚೀಲಗಳು ಮಗನ ಮನೆಯ ಮೆಟ್ಟಿಲ ಕೆಳಗೆ ಕೂತವು. ಸೊಸೆ ಒಂದು ಚೀಲ ಬಿಚ್ಚಿ ತುಳಸಿಕಟ್ಟೆಗೆ ಸುರಿದಳೆಂದು ಎರಡು ವಾರ ಅವಳ ಜೊತೆ ಮಾತು ಬಿಟ್ಟಿದ್ದರು. “ಗರಡಿನೇ ಇಲ್ಲ, ಮಣ್ಣ ಯಾಕ್ರೀ ವಸ್ತಾದ್ರ?” ಅಂತ ಒಮ್ಮೆ ಕೇಳಿದೆ. “ಸುಮ್ನ ಕೂಡಬ್ಯಾಡ, ಆ ಚೀಲ ಸರಿಸು, ನೀರ ಹತ್ತತೈತಿ” ಅಂದರು.

ಇದನ್ನು ಬರೆಯಲು ಬರದೆ ನಾಲ್ಕು ಸಲ ಅವರನ್ನು ಮಂಚದ ಮೇಲೆ ಮಲಗಿಸಿ, ಬಾಯಲ್ಲಿ ದೊಡ್ಡ ಮಾತು ಹಾಕಿ ಸಾಯಿಸಿದ್ದೇನೆ. ಅಂಥ ಮಾತು ಅವರು ಯಾವತ್ತೂ ಆಡಿದವರಲ್ಲ. ಈಗ ಐದನೇ ಕತೆ ನಡೆದಿದೆ. ತುಳಸಿಕಟ್ಟೆಯ ಜಗಳದವರೆಗೆ ಬಂದಿದ್ದೇನೆ. ಸೊಸೆ ಇನ್ನೂ ಉತ್ತರ ಕೊಟ್ಟಿಲ್ಲ.