ಗಡಿಯಾರ, ನಕ್ಷೆ, ನೆಲ

"ಸರ್, ನಾನು ಆರ್ಮಿಯಲ್ಲಿ ಆಫೀಸರ್. ಇನ್ನೂ ಪೈಲಟ್ ಆಗೋಕೆ ಆಗುತ್ತಾ?" ಅಂತ ಆಗಾಗ ಯಾರಾದರೂ ಕೇಳುತ್ತಿರುತ್ತಾರೆ. ಕೇಳುವವರಲ್ಲಿ ಹೆಚ್ಚಿನವರ ತಲೆಯಲ್ಲಿ ಕೂತಿರುವುದು ಫೈಟರ್ ವಿಮಾನ. ಅದಕ್ಕೆ ಮೊದಲೇ ತಣ್ಣೀರು ಎರಚಿಬಿಡುತ್ತೇನೆ. ಎಎಫ್‌ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ವಾಯುಪಡೆಯ ಫ್ಲೈಯಿಂಗ್ ಬ್ರಾಂಚ್ ಸೇರಲು ವಯಸ್ಸು 20ರಿಂದ 24. ಕಮಿಷನ್ ಆಗಿ, ಯೂನಿಟ್‌ನಲ್ಲಿ ನಾಲ್ಕೈದು ವರ್ಷ ಸವೆಸಿ, ಆಮೇಲೆ ಆಕಾಶ ನೋಡುವವನಿಗೆ ಆ ಬಾಗಿಲು ಮುಚ್ಚಿರುತ್ತದೆ. ಸಮವಸ್ತ್ರದ ಬಣ್ಣ ಬದಲಿಸದೆಯೇ ಹಾರುವ ದಾರಿ ಒಂದಿದೆ, ಸೇನೆಯದೇ ಹೆಲಿಕಾಪ್ಟರ್ ದಳವಾದ ಆರ್ಮಿ ಏವಿಯೇಷನ್. ನಾನು ಆ ದಾರಿಯಲ್ಲಿ ಹೋದವನು, ತೋಪು ಹಾರಿಸುವ ಆರ್ಟಿಲರಿ ದಳದಿಂದ.

ಈ ದಳದ ಮೇಲೆ ನಮ್ಮಂಥ ತೋಪಿನವರಿಗೆ ಸ್ವಲ್ಪ ಮನೆಮಗನ ಹಕ್ಕಿದೆ. 1947ರಲ್ಲಿ ಏರ್ ಓಪಿ (ಏರ್ ಅಬ್ಸರ್ವೇಷನ್ ಪೋಸ್ಟ್) ಫ್ಲೈಟ್ ಎಂಬ ತುಕಡಿ ಶುರುವಾದಾಗ ಆಸ್ಟರ್ ಎಂಬ ಪುಟ್ಟ ವಿಮಾನದಲ್ಲಿ ಕೂತು, ಗುಂಡು ಎಲ್ಲಿ ಬಿತ್ತು ಅಂತ ಮೇಲಿನಿಂದ ನೋಡಿ ತಿದ್ದುತ್ತಿದ್ದವರು ಆರ್ಟಿಲರಿ ಆಫೀಸರುಗಳೇ. 1986ರ ನವೆಂಬರ್ 1ರಂದು ಅದು ಆರ್ಮಿ ಏವಿಯೇಷನ್ ಕೋರ್ ಎಂಬ ಸ್ವಂತ ದಳವಾಯಿತು. ಈಗ ಬೇರೆ ಬೇರೆ ದಳಗಳಿಂದ ಬರುತ್ತಾರೆ. 2022ರ ಮೇನಲ್ಲಿ ಈ ದಳದ ಮೊದಲ ಮಹಿಳಾ ಕಾಂಬ್ಯಾಟ್ ಏವಿಯೇಟರ್ ಆದ ಕ್ಯಾಪ್ಟನ್ ಅಭಿಲಾಷಾ ಬರಾಕ್ ಕೂಡ ಆರ್ಮಿ ಏರ್ ಡಿಫೆನ್ಸ್‌ನಿಂದ ಬಂದವರು.

ಆಯ್ಕೆಯ ಬಗ್ಗೆ ಒಂದೇ ಮಾತು. ಪೈಲಟ್ ಆಪ್ಟಿಟ್ಯೂಡ್ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಅವಕಾಶ. ಫೇಲಾದರೆ "ಮುಂದಿನ ಸಲ ನೋಡೋಣ" ಅನ್ನುವುದೇ ಇಲ್ಲ. ಆದ್ದರಿಂದ ಗೆಳೆಯ ಹೋಗುತ್ತಿದ್ದಾನೆ ಅಂತ ಜೊತೆಗೆ ಹೋಗಿ ಕೂರಬೇಡಿ. ಇನ್ನು ಮೆಡಿಕಲ್‌ನಲ್ಲಿ ಕಣ್ಣು, ಕಿವಿ, ಬೆನ್ನುಮೂಳೆ ಮಾತ್ರವಲ್ಲ, ಕೂತಾಗಿನ ಎತ್ತರ, ಕಾಲಿನ ಉದ್ದ, ತೊಡೆಯ ಉದ್ದವನ್ನೂ ಟೇಪು ಹಿಡಿದು ಅಳೆಯುತ್ತಾರೆ. ಎಷ್ಟು ಜಿಮ್ ಮಾಡಿದರೂ ತೊಡೆಯೆಲುಬು ಗಿಡ್ಡವಾಗುವುದಿಲ್ಲ.

ಇದನ್ನೆಲ್ಲ ಯಾರು ಬೇಕಾದರೂ ಹೇಳುತ್ತಾರೆ. ನನಗೆ ಯಾರೂ ಹೇಳದೇ ಇದ್ದದ್ದು ಇನ್ನೊಂದು: ಹೊಸ ಕೆಲಸದಲ್ಲಿ ನನ್ನನ್ನು ಎಡವಿಸಿದ್ದು ನನಗೆ ಗೊತ್ತಿಲ್ಲದ ವಿದ್ಯೆಯಲ್ಲ, ಚೆನ್ನಾಗಿ ಗೊತ್ತಿದ್ದ ವಿದ್ಯೆ.

ಮೊದಲು ಹೋವರ್. ಚೀತಾ ಹೆಲಿಕಾಪ್ಟರನ್ನು ನೆಲದಿಂದ ಆಳೆತ್ತರದಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸಬೇಕು. ಎಡಗೈಯಲ್ಲಿ ಮೇಲೆ ಕೆಳಗೆ ಮಾಡುವ ಕಲೆಕ್ಟಿವ್, ಬಲಗೈಯಲ್ಲಿ ಹಿಂದೆ ಮುಂದೆ ಅಕ್ಕಪಕ್ಕ ಸರಿಸುವ ಸೈಕ್ಲಿಕ್, ಕಾಲಡಿಯಲ್ಲಿ ಮೂಗು ತಿರುಗಿಸುವ ಪೆಡಲ್. ಕಲೆಕ್ಟಿವ್ ಎತ್ತಿದರೆ ಮೂಗು ಎಡಕ್ಕೆ ತಿರುಗುತ್ತದೆ. ಅದನ್ನು ನೇರ ಮಾಡಲು ಬಲ ಪೆಡಲ್ ಒತ್ತಿದರೆ ಬಾಲದ ರೋಟರ್ ತನ್ನ ಪಾಲಿನ ಶಕ್ತಿ ಕೇಳುತ್ತದೆ, ಜೊತೆಗೆ ಯಂತ್ರವನ್ನು ಪಕ್ಕಕ್ಕೂ ತಳ್ಳುತ್ತದೆ. ಅದನ್ನು ಸೈಕ್ಲಿಕ್‌ನಿಂದ ತಡೆದರೆ ಎತ್ತರ ಕದಲುತ್ತದೆ. ಒಂದನ್ನು ಮುಟ್ಟಿದರೆ ಮೂರೂ ಮುನಿಸಿಕೊಳ್ಳುವ ಸಂಸಾರ. ನಾನೋ, ತೋಪಿನ ಪಾಠ ಮೈಗೂಡಿದವನು: ಗುಂಡು ಎಲ್ಲಿ ಬಿತ್ತು ನೋಡು, "ಎಡ 100, ಕಮ್ಮಿ 200" ಅಂತ ತಿದ್ದು, ಮುಂದಿನ ಗುಂಡು ಬೀಳುವವರೆಗೆ ಕಾಯಿ. ಹೋವರ್‌ನಲ್ಲೂ ಅದನ್ನೇ ಮಾಡುತ್ತಿದ್ದೆ. ತಿದ್ದಿ, ಫಲ ನೋಡಲು ಕಾಯುವಷ್ಟರಲ್ಲಿ ಹೆಲಿಕಾಪ್ಟರ್ ಮೈದಾನದ ಆ ಮೂಲೆಗೆ ಜಾರಿರುತ್ತಿತ್ತು. "ಐ ಹ್ಯಾವ್ ಕಂಟ್ರೋಲ್ಸ್" ಅಂತ ಇನ್‌ಸ್ಟ್ರಕ್ಟರ್ ಕಸಿದುಕೊಳ್ಳುತ್ತಿದ್ದರು. ನನಗಿಂತ ಮೂರು ವರ್ಷ ಜೂನಿಯರ್ ಹುಡುಗನೊಬ್ಬ ನನಗಿಂತ ಮೊದಲೇ ಹೋವರ್ ಹಿಡಿದ. ಮೆಸ್ಸಿನಲ್ಲಿ ಅವನು "ಬರುತ್ತೆ ಬಿಡಿ ಸರ್" ಅಂದಾಗ ಆ 'ಸರ್' ಚುಚ್ಚಿದಷ್ಟು ಇನ್ಯಾವುದೂ ಚುಚ್ಚಲಿಲ್ಲ.

ಹೋವರ್ ಕೊನೆಗೂ ಬಂತು. ಒಂದು ಬೆಳಿಗ್ಗೆ ಕೈ ತಾನಾಗಿ ಆಡಿತು, ಅಷ್ಟೇ. ನಿಜವಾದ ಪೆಟ್ಟು ಬಿದ್ದದ್ದು ನಾವಿಗೇಷನ್‌ನಲ್ಲಿ, ಅದೂ ನನ್ನ ಅಡ್ಡಾ ಅಂದುಕೊಂಡಿದ್ದ ಜಾಗದಲ್ಲಿ. ನಕ್ಷೆ ಓದುವುದು ಆರ್ಟಿಲರಿಯವನ ಅನ್ನ. ಗುಡ್ಡದ ಮೇಲೆ ನಿಂತು, ಕಂಡ ದೇವಸ್ಥಾನ, ಕಂಡ ಸೇತುವೆ ನಕ್ಷೆಯಲ್ಲಿ ಎಲ್ಲಿದೆ ಅಂತ ಹುಡುಕಿ ಬೆರಳಿಡುವುದರಲ್ಲಿ ರೆಜಿಮೆಂಟಿನಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಆದರೆ ಆ ಗುಡ್ಡ ಅಲ್ಲಾಡುತ್ತಿರಲಿಲ್ಲ. ಹೆಲಿಕಾಪ್ಟರ್ ಗಂಟೆಗೆ 180 ಕಿಲೋಮೀಟರ್ ಹೋದರೆ ನಿಮಿಷಕ್ಕೆ ಮೂರು ಕಿಲೋಮೀಟರ್. ನನಗೆ ಅಭ್ಯಾಸವಿದ್ದ 1:50,000ದ ನಕ್ಷೆಯಲ್ಲಿ ಅದು ಆರು ಸೆಂಟಿಮೀಟರ್. 1:2,50,000ದ ನಕ್ಷೆಯಲ್ಲಿ 1.2 ಸೆಂಟಿಮೀಟರ್, ಅಂದರೆ ಹೆಬ್ಬೆರಳು ಇಟ್ಟರೆ ನೀವೂ ಮುಚ್ಚಿಹೋದಿರಿ, ಮುಂದಿನ ಊರೂ ಮುಚ್ಚಿಹೋಯಿತು.

ಆ ದಿನ ಆರನೇ ನಿಮಿಷಕ್ಕೆ ಒಂದು ಕೆರೆ ಕಂಡಿತು. ನಕ್ಷೆಯಲ್ಲಿ ಹುಡುಕಿದೆ, ಸಿಕ್ಕಿತು. ಆಕಾರವೂ ಹೆಚ್ಚುಕಮ್ಮಿ ಹೊಂದಿತು. ಸಮಾಧಾನವಾಗಿ ಹೆಡಿಂಗ್, ಅಂದರೆ ಹೋಗುವ ದಿಕ್ಕು, ಸ್ವಲ್ಪ ತಿರುಗಿಸಿದೆ. ಊರಿಗೊಂದು ಕೆರೆ ಇರುವ ಸೀಮೆಯಲ್ಲಿ ಹುಡುಕಿದವನಿಗೆ ಕೆರೆ ಸಿಗದೆ ಇನ್ನೇನು ಸಿಗುತ್ತದೆ! ಎರಡು ನಿಮಿಷದ ಮೇಲೆ ಬರಬೇಕಿದ್ದ ರೈಲು ಹಳಿ ಬರಲಿಲ್ಲ. ಹೊಟ್ಟೆಯೊಳಗೆ ತಣ್ಣಗಾಯಿತು. ಆದರೂ ಬಾಯಿ ಬಿಡಲಿಲ್ಲ. ಐದು ವರ್ಷದಿಂದ ಜವಾನರ ಮುಂದೆ ಸಾಹೇಬ ಅನ್ನಿಸಿಕೊಂಡ ಬಾಯಿ ಅದು, "ಗೊತ್ತಿಲ್ಲ" ಅನ್ನುವ ಪದವೇ ಮರೆತುಹೋಗಿತ್ತು. ಇನ್ನೊಂದು ನಿಮಿಷ ನೋಡೋಣ, ಇನ್ನೊಂದು ನಿಮಿಷ ನೋಡೋಣ ಅಂತ ನಾಲ್ಕು ನಿಮಿಷ ತಳ್ಳಿದೆ. ಹನ್ನೆರಡು ಕಿಲೋಮೀಟರ್.

"ಎಲ್ಲಿದ್ದೀವಿ?" ಅಂದರು ಇನ್‌ಸ್ಟ್ರಕ್ಟರ್. ನಾನು ಧೈರ್ಯವಾಗಿ ನಕ್ಷೆಯ ಮೇಲೆ ಬೆರಳಿಟ್ಟೆ.

"ಹಾಗಾದ್ರೆ ಎಡಕ್ಕೆ ಹಳಿ ಇರಬೇಕಲ್ಲ, ತೋರಿಸು."

ತೋರಿಸಲು ಹಳಿ ಎಲ್ಲಿತ್ತು? "ಲಾಸ್ಟ್, ಸರ್" ಅಂದೆ. ಅವರು ಬೈಯಲಿಲ್ಲ. ಎತ್ತರಕ್ಕೆ ಏರಿಸಿ, ಒಂದೇ ಹೆಡಿಂಗ್ ಹಿಡಿದು, ನದಿಯೊಂದನ್ನು ಕಂಡುಕೊಂಡು ಅದರ ಗುಂಟ ವಾಪಸ್ ಕರೆತಂದರು. ಇಳಿದ ಮೇಲೆ ಸ್ಟಾಪ್‌ವಾಚನ್ನು ನನ್ನ ಮುಂದೆ ಇಟ್ಟು ಹೇಳಿದರು: "ನೀನು ನೆಲ ನೋಡಿ ನಕ್ಷೆ ಹುಡುಕ್ತಿದ್ದೀಯ. ಅದು ನಿಂತವನ ಕೆಲಸ. ಮೊದಲು ಗಡಿಯಾರ ನೋಡು. ಇಷ್ಟು ಹೊತ್ತಿಗೆ ಎಲ್ಲಿರಬೇಕು ಅಂತ ನಕ್ಷೆ ನೋಡು. ಆಮೇಲೆ ತಲೆ ಎತ್ತಿ ನೆಲ ನೋಡು. ಅಲ್ಲಿ ಇರಬೇಕಾದ್ದು ಇಲ್ಲ ಅಂದ್ರೆ ಆ ಸೆಕೆಂಡಿಗೇ ಹೇಳು. ಕಳೆದುಹೋಗಿದ್ದಕ್ಕೆ ನಾನು ಮಾರ್ಕ್ಸ್ ಕಳೆಯಲ್ಲ. ಆ ನಾಲ್ಕು ನಿಮಿಷಕ್ಕೆ ಕಳೀತೀನಿ."

ಆ ರಾತ್ರಿ ನಕ್ಷೆಯನ್ನು ದಾರಿ ಮೇಲ್ಮುಖವಾಗಿ ಬರುವಂತೆ ಮಡಚಿ, ಎರಡೆರಡು ನಿಮಿಷಕ್ಕೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದೆ. ಪಕ್ಕದಲ್ಲಿ ಎಡಕ್ಕೆ ಏನು, ಬಲಕ್ಕೆ ಏನು ಅಂತ ಬರೆದುಕೊಂಡೆ. ಎಳೆ ಹುಡುಗರೆಲ್ಲ ಇದನ್ನು ಮೊದಲ ವಾರದಿಂದಲೇ ಮಾಡುತ್ತಿದ್ದರು. ನಾನು ಮಾತ್ರ, ನನಗ್ಯಾಕೆ ಅಂತ ಬಿಟ್ಟಿದ್ದೆ.

ಮುಂದಿನ ಸಾರ್ಟಿ, ಅಂದರೆ ಮುಂದಿನ ಹಾರಾಟ. ಎಂಟನೇ ನಿಮಿಷ. ಗಡಿಯಾರ ನೋಡಿದೆ, ನಕ್ಷೆ ನೋಡಿದೆ: ಎಡಕ್ಕೆ ಕೆರೆ, ಬಲಕ್ಕೆ ಒಂಟಿ ಗುಡ್ಡ. ತಲೆ ಎತ್ತಿದರೆ ಕೆರೆ ಇದೆ, ಗುಡ್ಡ ಇಲ್ಲ. ಗಂಟಲು ಮತ್ತೆ ಕಟ್ಟಿತು. ಆದರೂ ಅಂದೆ, "ಸರ್, ಗುಡ್ಡ ಕಾಣ್ತಿಲ್ಲ. ಖಾತ್ರಿ ಇಲ್ಲ."

ಅವರು ಬಲಕ್ಕೆ ಬಗ್ಗಿ ಕೆಳಗೆ ನೋಡಿದರು. ಬಿಳಿ ಧೂಳು, ನಾಲ್ಕು ಲಾರಿ, ದೊಡ್ಡದೊಂದು ಹೊಂಡ.

"ದಾರಿ ಸರಿಯಾಗೇ ಇದೆ, ಹೋಗು" ಅಂದರು. "ಗುಡ್ಡವನ್ನ ಕ್ವಾರಿಯವರು ತಿಂದಿದ್ದಾರೆ. ನಕ್ಷೆ ಹಳೇದು."