ಗ್ವಾನಹ್ವಾತೊಗೆ ಹೊರಟಿದ್ದೀರಾ? ಮೊದಲು ರೂಮು ಎಲ್ಲಿದೆ ನೋಡಿ

ಮೆಕ್ಸಿಕೊ ಅಂದ ತಕ್ಷಣ ಅಮೆರಿಕದಲ್ಲಿರುವ ನಮ್ಮವರು ಕ್ಯಾನ್‌ಕೂನ್ ಬೀಚಿಗೆ ಟಿಕೆಟ್ ಮಾಡಿಸುತ್ತಾರೆ. ಹಳೇ ಊರು, ಗಲ್ಲಿ, ಕಲ್ಲಿನ ಮೆಟ್ಟಿಲು ಇಷ್ಟಪಡುವವರು ಗ್ವಾನಹ್ವಾತೊಗೆ ಹೋಗಿ. ಬೆಳ್ಳಿ ಗಣಿಯಿಂದ ಹುಟ್ಟಿದ ಊರು ಇದು. 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಟೂರ್ ಪ್ಯಾಕೇಜ್ ಬೇಕಿಲ್ಲ, ನಾವೇ ಹೋಗಿ ನಾವೇ ಸುತ್ತಬಹುದು.

ವೀಸಾ ವಿಷಯ ಮೊದಲು ಹೇಳಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಮೆರಿಕದ ಚಾಲ್ತಿ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೊ ವೀಸಾ ಬೇರೆ ಬೇಡ. ಆದರೆ ಪಾಸ್‌ಪೋರ್ಟಿನ ಸ್ಟಾಂಪ್ ಅವಧಿ ಮುಗಿದು ಕೈಯಲ್ಲಿ ಐ-797 (ಅಮೆರಿಕದ ವಲಸೆ ಇಲಾಖೆ ಕೊಡುವ ಒಪ್ಪಿಗೆ ಪತ್ರ) ಮಾತ್ರ ಇದ್ದರೆ ಸಾಕಾಗಲ್ಲ. ಎಚ್-1ಬಿಯಲ್ಲಿರುವವರು ಟಿಕೆಟ್ ತೆಗೆಯುವ ಮೊದಲೇ ಇದನ್ನು ನೋಡಿಕೊಳ್ಳಿ.

ಹತ್ತಿರದ ವಿಮಾನ ನಿಲ್ದಾಣ ಸಿಲಾವ್ ಪಕ್ಕದ್ದು, ಟಿಕೆಟಿನಲ್ಲಿ ಲಿಯೋನ್ ಅಂತ ಇರುತ್ತದೆ. ಅಲ್ಲಿಂದ ಟ್ಯಾಕ್ಸಿ. ಮೆಕ್ಸಿಕೊ ಸಿಟಿಯಿಂದ ಬರುವುದಾದರೆ ಉತ್ತರದ ಟರ್ಮಿನಲ್‌ನಿಂದ ಒಳ್ಳೆಯ ಬಸ್‌ಗಳಿವೆ, ಹೆಚ್ಚುಕಡಿಮೆ ಐದು ಗಂಟೆ. ಬಸ್ ಸ್ಟ್ಯಾಂಡ್ ಊರಾಚೆ ಇದೆ, ನಡೆದು ಹೋಗುವ ಯೋಚನೆ ಬೇಡ. 'ಸೆಂತ್ರೊ' (ಊರ ಮಧ್ಯ) ಅಂತ ಬೋರ್ಡು ಇರುವ ಸಿಟಿ ಬಸ್ ಹತ್ತಿ. ಚಿಲ್ಲರೆ ಪೆಸೊ ಕೈಯಲ್ಲಿರಲಿ.

ಆ ಸಿಟಿ ಬಸ್ಸೇ ಒಂದು ಅನುಭವ. ಊರಿನ ಹತ್ತಿರ ಬಂದ ಮೇಲೆ ಅದು ನೆಲದೊಳಗೆ ಇಳಿಯುತ್ತದೆ. ಈ ಊರಿನ ನಡುವೆ ಒಂದು ನದಿ ಹರಿಯುತ್ತಿತ್ತು. ಅದು ಉಕ್ಕಿದಾಗಲೆಲ್ಲ ಊರು ಮುಳುಗುತ್ತಿತ್ತು, 1905ರಲ್ಲಂತೂ ಭಾರೀ ಪ್ರವಾಹ. ಆಮೇಲೆ ನೀರನ್ನು ಬೇರೆ ಸುರಂಗಕ್ಕೆ ತಿರುಗಿಸಿದರು, 1960ರ ದಶಕದಲ್ಲಿ ಹಳೇ ನದಿಪಾತ್ರವನ್ನೇ ರಸ್ತೆ ಮಾಡಿದರು. ತಲೆ ಮೇಲೆ ಕಲ್ಲಿನ ಕಮಾನು, ಅದರ ಮೇಲೆ ಮನೆಗಳು. ಬಸ್ ಸ್ಟಾಪೂ ಕೆಳಗೇ, ಇಳಿದು ಮೆಟ್ಟಿಲು ಹತ್ತಿದರೆ ಸೀದಾ ಬಿಸಿಲಿಗೆ, ಅಂಗಡಿ ಸಾಲಿನ ಮಧ್ಯೆ ಬಂದು ನಿಲ್ಲುತ್ತೀರಿ. ಒಳಗೆ ಫೋನಿನ ಮ್ಯಾಪ್ ನಂಬಬೇಡಿ, ನೀವು ರಸ್ತೆ ಮೇಲಿದ್ದೀರೋ ಕೆಳಗೋ ಅನ್ನುವುದು ಅದಕ್ಕೆ ತಿಳಿಯಲ್ಲ.

ಈಗ ರೂಮು. ಫೋಟೊದಲ್ಲಿ ಬಣ್ಣದ ಮನೆಗಳ ಮೇಲಿಂದ ಇಡೀ ಊರು ಕಾಣುವ ರೂಮು ತೋರಿಸುತ್ತಾರೆ, ಬಾಡಿಗೆಯೂ ಕಡಿಮೆ ಇರುತ್ತದೆ, ಆದರೆ ಅಲ್ಲಿಗೆ ಕಾರು ಹೋಗಲ್ಲ, ಟ್ಯಾಕ್ಸಿಯವನು ಕೆಳಗೇ ಇಳಿಸಿ ಹೋಗುತ್ತಾನೆ, ಉಳಿದದ್ದೆಲ್ಲ ಮೆಟ್ಟಿಲು. ಊರು ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಮೊದಲ ದಿನ ಉಸಿರು ಬೇಗ ಕಟ್ಟುತ್ತದೆ. ಮಂಡಿ ನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಹಾರ್ದಿನ್ ದೆ ಲಾ ಉನಿಯೋನ್ ಅನ್ನುವ ತ್ರಿಕೋನದ ಪಾರ್ಕಿನ ಸುತ್ತಮುತ್ತಲೇ ರೂಮು ಹಿಡಿಯಿರಿ. ರಾತ್ರಿ ಹಾಡು, ಗಲಾಟೆ ಜಾಸ್ತಿ. ಅದಕ್ಕೆ ಒಳಗಡೆಯ ರೂಮು ಕೇಳಿ. ಸಾಮಾನಿಗೆ ಬೆನ್ನಿಗೆ ಹಾಕುವ ಬ್ಯಾಗೇ ಸರಿ, ಚಕ್ರದ ಸೂಟ್‌ಕೇಸ್ ಇಲ್ಲಿ ಬರೀ ಭಾರ. (ಆ ಪಾರ್ಕಿನಲ್ಲಿ ಒತ್ತಾಗಿ ಕತ್ತರಿಸಿರುವ ಮರಗಳಿಗೆ ಅಲ್ಲಿಯವರು 'ಭಾರತದ ಲಾರೆಲ್' ಅನ್ನುತ್ತಾರೆ. ನಮ್ಮ ಆಲ, ಅತ್ತಿಯ ಕುಲದ್ದೇ.)

ಸಸ್ಯಾಹಾರಿಗಳು ಸ್ವಲ್ಪ ಹುಷಾರಾಗಿರಬೇಕು. 'ಸಿನ್ ಕಾರ್ನೆ' ಅಂದರೆ ಮಾಂಸ ಬೇಡ ಅಂತ, ಆದರೆ ಕೋಳಿ ಅದರಲ್ಲಿ ಬರಲ್ಲ ಅಂದುಕೊಳ್ಳುವವರು ಬಹಳ. 'ಸಿನ್ ಪೊಯ್ಯೊ' ಅಂತಲೂ ಹೇಳಿ. ಬೀನ್ಸ್‌ನಲ್ಲಿ ಹಂದಿ ಕೊಬ್ಬು ಇರಬಹುದು, ಅದಕ್ಕೆ 'ಮಾಂತೆಕಾ' ಅನ್ನುತ್ತಾರೆ. ಕೆಂಪನ್ನವನ್ನು ಎಷ್ಟೋ ಕಡೆ ಕೋಳಿ ಸಾರಿನಲ್ಲೇ ಬೇಯಿಸುತ್ತಾರೆ. ಎರಡನ್ನೂ ಕೇಳಿಯೇ ತಿನ್ನಿ. ಕುಂಬಳ ಹೂವಿನ ಕೆಸದಿಯ (ಚೀಸ್ ಇಟ್ಟು ಮಡಚಿದ ರೊಟ್ಟಿ), ನೊಪಾಲ್ ಅನ್ನುವ ಪಾಪಾಸುಕಳ್ಳಿ ಪಲ್ಯ ಸಿಕ್ಕರೆ ಬಿಡಬೇಡಿ. ಗಾಡಿಯಲ್ಲಿ ಮಾವಿನಕಾಯಿ ಸೀಳಿ ಖಾರದಪುಡಿ ಉದುರಿಸಿ ನಿಂಬೆ ಹಿಂಡಿ ಕೊಡುತ್ತಾರೆ, ಅದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ನಲ್ಲಿ ನೀರು ಮಾತ್ರ ಬೇಡ.

ನೋಡುವುದರಲ್ಲಿ ನನ್ನ ಮೊದಲ ಮತ ಅಲೊಂದಿಗಾ ದೆ ಗ್ರನದಿತಾಸ್‌ಗೆ. ಅದು ಧಾನ್ಯದ ಉಗ್ರಾಣ, ಕೋಟೆಯ ಹಾಗಿದೆ. ಸ್ಪೇನ್ ವಿರುದ್ಧದ ಸ್ವಾತಂತ್ರ್ಯ ಹೋರಾಟ ಶುರುವಾದಾಗ, 1810ರ ಸೆಪ್ಟೆಂಬರ್ 28ರಂದು, ಸ್ಪೇನಿನ ಕಡೆಯವರು ಒಳಗೆ ಅಡಗಿದ್ದಾಗ ಪಿಪಿಲಾ ಎಂಬ ಗಣಿ ಕೆಲಸದವನು ಬೆನ್ನಿಗೆ ಕಲ್ಲುಚಪ್ಪಡಿ ಕಟ್ಟಿಕೊಂಡು ಹೋಗಿ ಬಾಗಿಲಿಗೆ ಬೆಂಕಿ ಇಟ್ಟ ಅನ್ನುತ್ತಾರೆ. ಆಮೇಲೆ ಸ್ಪೇನಿನವರು ಸೇಡು ತೀರಿಸಿಕೊಂಡರು. ಹೋರಾಟ ಶುರುಮಾಡಿದ ಪಾದ್ರಿ ಇದಾಲ್ಗೊ ಸೇರಿ ನಾಲ್ವರು ನಾಯಕರ ತಲೆಗಳನ್ನು ಕಟ್ಟಡದ ನಾಲ್ಕು ಮೂಲೆಗೆ ನೇತುಹಾಕಿದರು. 1821ರವರೆಗೆ ಅವು ಅಲ್ಲೇ ಇದ್ದವು. ಮೂಲೆಗಳಲ್ಲಿ ಅವರ ಹೆಸರು ಈಗಲೂ ಇದೆ, ಹೊರಗಿನಿಂದ ಒಂದು ಸುತ್ತು ಬಂದು ಓದಿ, ಆಮೇಲೆ ಒಳಗೆ ಹೋಗಿ. ಪಿಪಿಲಾನ ದೊಡ್ಡ ಪ್ರತಿಮೆ ಗುಡ್ಡದ ಮೇಲಿದೆ. ಹುವಾರೆಸ್ ಥಿಯೇಟರ್ ಹಿಂದಿನಿಂದ ಹಳಿ ಮೇಲೆ ಏರುವ ಗಾಡಿಯಲ್ಲಿ ಮೇಲೆ ಹೋಗಿ, ಸಂಜೆ ಬೆಳಕಲ್ಲಿ ಊರು ನೋಡಿ, ಇಳಿಯುವಾಗ ನಡೆದೇ ಇಳಿಯಿರಿ.

ಮಮ್ಮಿ ಮ್ಯೂಸಿಯಂ ನನಗೆ ಸೇರಲಿಲ್ಲ. ಸ್ಮಶಾನದ ಜಾಗಕ್ಕೆ ತೆರಿಗೆ ಕಟ್ಟಲಾಗದವರ ಹೆಣಗಳನ್ನು ಹೊರತೆಗೆದು, ಒಣಗಿ ಉಳಿದವನ್ನು ಪ್ರದರ್ಶನಕ್ಕಿಟ್ಟಿದ್ದಾರೆ. ಶಿಶುಗಳೂ ಇವೆ. ಮಕ್ಕಳಿದ್ದರೆ ಬಿಟ್ಟುಬಿಡಿ. ಕಾಯೆಹೋನ್ ದೆಲ್ ಬೇಸೊ ಅನ್ನುವ ಚುಂಬನದ ಗಲ್ಲಿಯಲ್ಲಿ ಫೋಟೊಗೆ ಸುಮ್ನೆ ಕ್ಯೂ, ಬೆಳಗ್ಗೆ ಬೇಗ ಹೋದರೆ ಯಾರೂ ಇರಲ್ಲ.

ಅಕ್ಟೋಬರ್‌ನಲ್ಲಿ ಸೆರ್ವಾಂತಿನೊ ಕಲಾ ಉತ್ಸವ, 1972ರಿಂದ ನಡೆಯುತ್ತಿದೆ. ಆಗ ಹೋಗುವ ಮನಸ್ಸಿದ್ದರೆ ರೂಮು ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ, ಇಲ್ಲದಿದ್ದರೆ ಆ ತಿಂಗಳು ಬಿಟ್ಟು ಹೋಗಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಡಿಸೆಂಬರ್ ರಾತ್ರಿಗಳಿಗೆ ಸ್ವೆಟರ್ ಬೇಕು.