ಈ ಹಣ್ಣಿಗೆ ಸಿಹಿ ಕಡಿಮೆಯೇ?

"ಈ ಹಣ್ಣಿನಲ್ಲಿ ಸಿಹಿ ಕಡಿಮೆ ಎಂದು ಯಾರು ಹೇಳಿದರು?"

ಮಂಗಳವಾರ ಅಬಿ-ಲೇ ಕೇಳಿದ್ದು ಇಷ್ಟೇ. ಕೇಳಿದ್ದು ನನ್ನನ್ನಲ್ಲ, ಏಪ್ರಿಕಾಟ್ ಜಾಮ್ ಮಾಡುವುದನ್ನು ಕಲಿಸಲು ಬೆಟ್ಟದ ಕೆಳಗಿನ ಊರಿನಿಂದ ಬಂದಿದ್ದ ತರಬೇತಿಯ ಹುಡುಗನನ್ನು. ಆದರೂ ಆ ಮಾತು ನನ್ನನ್ನು ಬಿಡುತ್ತಿಲ್ಲ. ಬೇಳೆ ತೊಳೆಯುವಾಗ, ಬಟ್ಟೆ ಹರವುವಾಗ, ನಿದ್ದೆ ಬಾರದೆ ಮಗ್ಗುಲು ಬದಲಿಸುವಾಗ ಅದೇ ಧ್ವನಿ. ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಎಂಬತ್ತು ದಾಟಿದ ಹೆಂಗಸು ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳಿದ ಪ್ರಶ್ನೆ ಅದು.

ಅಬಿ-ಲೇ ನಾವು ಲಡಾಖ್‌ನ ಲೇಹ್‌ನಲ್ಲಿ ಬಾಡಿಗೆಗಿರುವ ಮನೆಯ ಅಜ್ಜಿ. ಅವರ ತವರು ಸಿಂಧೂ ನದಿಯ ಕೆಳಹರಿವಿನ ಶಾಮ್ ಸೀಮೆಯ ಸ್ಕುರ್ಬುಚನ್. ಲೇಹ್‌ಗಿಂತ ತಗ್ಗಿನಲ್ಲಿರುವ ಆ ಕಡೆಯ ಊರುಗಳಲ್ಲಿ ಏಪ್ರಿಕಾಟ್ ಸಿಹಿಯಾಗುವಷ್ಟು ಲೇಹ್‌ನಲ್ಲಿ ಆಗುವುದಿಲ್ಲ. ಆಗಸ್ಟ್ ಬಂದರೆ ತವರಿನಿಂದ ಪೆಟ್ಟಿಗೆಗಳು ಬರುತ್ತವೆ, ಮನೆಯಿಡೀ ಘಮ್ಮೆನ್ನುತ್ತದೆ. ಬೀಜ ಬಿಳಿಯಾಗಿರುವ ರಕ್ತ್ಸೆ ಕರ್ಪೊ ತಳಿಯ ಹಣ್ಣನ್ನು ಅಬಿ-ಲೇ ಬೇರೆಯಾಗಿಯೇ ಇಡುತ್ತಾರೆ. 2022ರಲ್ಲಿ ಈ ಸೀಮೆಯದೇ ವಿಶೇಷ ಹಣ್ಣು ಎಂಬ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿದ್ದು ಇದಕ್ಕೇ. ಅವರಿಗೆ ಆ ಮಾನ್ಯತೆಯ ವಿಷಯ ಹೇಳಿದಾಗ, "ಈಗ ಗೊತ್ತಾಯಿತೇ ಅವರಿಗೆ?" ಎಂದಿದ್ದರು.

ತರಬೇತಿ ನಡೆದದ್ದು ನಮ್ಮ ಕೇರಿಯ ಹೆಂಗಸರ ಸಂಘದಲ್ಲಿ. ಹುಡುಗ ಒಳ್ಳೆಯವನು. ಬೂಟು ಬಿಚ್ಚಿ ಒಳಗೆ ಬಂದ, ಕೊಟ್ಟ ಉಪ್ಪಿನ ಚಹಾವನ್ನು ಮುಖ ಕಿವುಚದೆ ಕುಡಿದ, ಹಿರಿಯರೊಂದಿಗೆ ತಗ್ಗಿ ಮಾತನಾಡಿದ. ಅವನ ಮೇಲೆ ನನಗೆ ಕೋಪವಿಲ್ಲ. ಅವನ ಕೈಗೆ ಆ ಕಿರುಹೊತ್ತಿಗೆ ಕೊಟ್ಟು ಕಳಿಸಿದವರ ಮೇಲೆ ಇದೆ. ಅದರಲ್ಲಿ ಬರೆದಂತೆ ಕಿಲೋ ಹಣ್ಣಿಗೆ ಕಿಲೋ ಸಕ್ಕರೆ ಸುರಿದ. ಆಗ ಬಂತು ಪ್ರಶ್ನೆ.

"ಸಿಹಿಗಲ್ಲ ಅಜ್ಜಿ, ಕೆಡದೆ ಉಳಿಯಲಿ ಎಂದು," ಎಂದ ಅವನು.

ಅಬಿ-ಲೇ ಮೇಲೆದ್ದು ಒಳಗೆ ಹೋದರು. ಬಟ್ಟೆಯ ಚೀಲವೊಂದನ್ನು ತಂದು ಅದರಿಂದ ಒಂದು ಹಿಡಿ ಫಟಿಂಗ್ ತೆಗೆದು ಅವನ ಅಂಗೈಯಲ್ಲಿಟ್ಟರು. ಬೀಜ ಸಮೇತ ಇಡಿಯಾಗಿ ಒಣಗಿಸಿದ ಏಪ್ರಿಕಾಟ್. ಹೋದ ವರ್ಷದ್ದು. ಕಂದು ಬಣ್ಣ, ಸುಕ್ಕುಗಟ್ಟಿದ ಮೈ. ಅವನು ಒಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. ಇಷ್ಟವಾದದ್ದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ, "ರುಚಿ ಚೆನ್ನಾಗಿದೆ. ಆದರೆ ಈ ಬಣ್ಣಕ್ಕೆ ಮಾರುಕಟ್ಟೆ ಇಲ್ಲ," ಎಂದುಬಿಟ್ಟ.

ಯಾರೂ ಮಾತನಾಡಲಿಲ್ಲ. ಅಬಿ-ಲೇ ಚೀಲದ ಬಾಯಿ ಕಟ್ಟಿ ಮಡಿಲಲ್ಲಿಟ್ಟುಕೊಂಡರು.

ನಗರದ ಅಂಗಡಿಗಳಲ್ಲಿ ಸಿಗುವ ಮಿದುವಾದ, ಹೊಳೆಯುವ ಕಿತ್ತಳೆ ಬಣ್ಣದ ಒಣ ಏಪ್ರಿಕಾಟ್ ಹೆಚ್ಚಾಗಿ ಟರ್ಕಿಯದು. ಗಂಧಕದ ಹೊಗೆ ಕೊಡದೆ ಒಣಗಿಸಿದ ಹಣ್ಣಿಗೆ ಆ ಬಣ್ಣ ಬರುವುದಿಲ್ಲ. ಇಲ್ಲಿ ಹಣ್ಣನ್ನು ಮಾಳಿಗೆಯ ಮೇಲೆ, ಬಂಡೆಯ ಮೇಲೆ ಹರವುತ್ತಾರೆ. ಗಾಳಿ ಒಣ, ಬಿಸಿಲು ಖಾರ, ಇನ್ನೇನೂ ಬೇಕಿಲ್ಲ. ರಸ್ತೆಯೇ ಇಲ್ಲದ ಚಳಿಗಾಲಗಳನ್ನು ಅಬಿ-ಲೇ ಕಂಡವರು. ಶ್ರೀನಗರದ ದಾರಿಯ ಜೊಜಿಲಾ ಕಣಿವೆ ಹಿಮದಲ್ಲಿ ಮುಚ್ಚಿಹೋದರೆ ವಸಂತದವರೆಗೆ ಮನೆಯಲ್ಲಿದ್ದದ್ದೇ ಗತಿ. ರಾತ್ರಿ ನೆನೆಹಾಕಿದ ಫಟಿಂಗ್ ಬೆಳಿಗ್ಗೆ ಮಕ್ಕಳಿಗೆ, ಬಾಣಂತಿಯರಿಗೆ, ಹಾಸಿಗೆ ಹಿಡಿದವರಿಗೆ. ಬೀಜ ಒಡೆದರೆ ಸಿಹಿಯಾದದ್ದು ತಿನ್ನಲು, ಕಹಿಯಾದದ್ದು ಎಣ್ಣೆಗೆ. ಕೆಡದಂತೆ ಕಾಪಿಡುವುದನ್ನು ಇವರಿಗೆ ಕಲಿಸಲು ಹೊರಟರೆ, ಮೊದಲು ಇವರಲ್ಲಿ ಒಂದು ಚಳಿಗಾಲ ಕೂತು ಕಲಿಯಬೇಕು.

ಒಲೆಯ ಮೇಲೆ ಅಷ್ಟರಲ್ಲಿ ಇನ್ನೊಂದು ನಡೆದಿತ್ತು. ಹುಡುಗ ಉಷ್ಣಮಾಪಕ ಹಿಡಿದು 105 ಡಿಗ್ರಿಗೆ ಕಾಯುತ್ತಿದ್ದ. ಸಮುದ್ರಮಟ್ಟದ ಊರುಗಳಲ್ಲಿ ಅದು ಸರಿಯಾದ ಲೆಕ್ಕ. ನೀರು ಕುದಿಯುವ ಬಿಸಿಗಿಂತ ನಾಲ್ಕೈದು ಡಿಗ್ರಿ ಮೇಲೇರಿದಾಗ ಜಾಮ್ ಹದಕ್ಕೆ ಬರುತ್ತದೆ. ಆದರೆ ಸುಮಾರು 3500 ಮೀಟರ್ ಎತ್ತರದ ಲೇಹ್‌ನಲ್ಲಿ ನೀರು ಕುದಿಯುವುದೇ 88ರ ಆಸುಪಾಸಿನಲ್ಲಿ. ಕುಕ್ಕರ್ ಇಲ್ಲದೆ ಇಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ಬಂದವರಿಗೆಲ್ಲ ವಾರದೊಳಗೆ ತಿಳಿಯುತ್ತದೆ. ಅಂದರೆ 92, 93ಕ್ಕೆ ಪಾತ್ರೆ ಇಳಿಸಬೇಕು. 105 ಬರುವಷ್ಟರಲ್ಲಿ ಅದು ಜಾಮ್ ಆಗಿ ಉಳಿದಿರುವುದಿಲ್ಲ. ತಳ ಹತ್ತಿದ ವಾಸನೆ ಹೆಂಗಸರ ಮೂಗಿಗೆ ಮೊದಲು ಬಡಿಯಿತು. ಮಾಪಕ ಇನ್ನೂ ಏರಲಿ ಎಂದು ಅವನು ಕಾಯುತ್ತಲೇ ಇದ್ದ. ಅವರ ಮನೆಯ ಹಣ್ಣು, ಅವರ ಗ್ಯಾಸ್, ಸಂಘದ ದುಡ್ಡಿನ ಸಕ್ಕರೆ. ನನಗೆ ಹೊಟ್ಟೆ ಉರಿಯಿತು.

ಮರುದಿನ ನಾನೇ ಒಲೆ ಹಚ್ಚಿದೆ. ಜಾಮ್ ಬೇಡವೇ ಬೇಡ ಎನ್ನುವವಳಲ್ಲ ನಾನು. ತಾಜಾ ಏಪ್ರಿಕಾಟ್ ಎರಡು ಮೂರು ದಿನಕ್ಕೆ ಮೆತ್ತಗಾಗುತ್ತದೆ. ದಾರಿಯಲ್ಲಿ ಜಜ್ಜಿಹೋದ ಹಣ್ಣನ್ನು ಒಣಗಲು ಹಾಕಿದರೆ ನೊಣ ಮುತ್ತುತ್ತದೆ. ಈಗೀಗ ಆಗಸ್ಟ್‌ನಲ್ಲಿ ಇದ್ದಕ್ಕಿದ್ದಂತೆ ಮಳೆ ಬಂದು ಮಾಳಿಗೆಯ ಮೇಲಿನ ಹಣ್ಣು ಕಪ್ಪಾಗುವುದೂ ಇದೆ. ಅಂಥ ಹಣ್ಣಿಗೆ ಜಾಮ್ ಸರಿಯಾದ ದಾರಿ.

ಹುಳಿಗೆ ನನ್ನ ಬಳಿ ನಮ್ಮೂರಿನದೇ ಲಿಂಬೆ ಇತ್ತು. ಇಂಡಿ ತಾಲ್ಲೂಕಿನದು. ರಜೆ ಮುಗಿಸಿ ಇಲ್ಲಿಯ ದಳಕ್ಕೆ ಮರಳಿದ ನಮ್ಮ ಕಡೆಯ ಸೈನಿಕ ಹುಡುಗನೊಬ್ಬನ ಕೈಯಲ್ಲಿ ಅಪ್ಪ ಒಂದು ಚೀಲ ಕಳಿಸಿದ್ದರು. ಕಾಗದದಷ್ಟು ತೆಳು ಸಿಪ್ಪೆ, ಹಿಂಡಿದರೆ ಬೆರಳ ಸಂದಿಯಲ್ಲೆಲ್ಲ ರಸ. ಏಪ್ರಿಕಾಟ್‌ಗೆ ಸಿಹಿಯ ಕೊರತೆಯಿಲ್ಲ. ಜಾಮ್ ಗಟ್ಟಿಯಾಗಲು ಬೇಕಾದ ಹುಳಿ ಈ ಸಿಹಿ ತಳಿಗಳಲ್ಲಿ ಸಾಲದು. ಜಾಮನ್ನು ಹೆಪ್ಪುಗಟ್ಟಿಸುವ ಅಂಟಾದ ಪೆಕ್ಟಿನ್ ಕೂಡ ಅಷ್ಟಕ್ಕಷ್ಟೇ. ಅದನ್ನು ಲಿಂಬೆ ತುಂಬಿಕೊಡುತ್ತದೆ. ಸಿಪ್ಪೆಯನ್ನು ಎಳೆ ಎಳೆಯಾಗಿ ಹೆಚ್ಚಿ ನೀರಿನಲ್ಲಿ ಕುದಿಸಿ ಆ ಕಹಿ ನೀರನ್ನು ಚೆಲ್ಲಿದೆ. ಲಿಂಬೆಯ ಬೀಜಗಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹಣ್ಣಿನೊಳಗೆ ಇಳಿಬಿಟ್ಟೆ. ಪೆಕ್ಟಿನ್ ಇರುವುದು ಅಲ್ಲಿ, ಎಸೆಯಬಾರದು. ಕಿಲೋ ಹಣ್ಣಿಗೆ ಆರುನೂರು ಗ್ರಾಂ ಸಕ್ಕರೆ ಹಾಕಿದೆ. ಕುದಿ ಮೊದಮೊದಲು ನೊರೆನೊರೆಯಾಗಿ ಎದ್ದು, ಆಮೇಲೆ ಗುಳ್ಳೆಗಳು ದೊಡ್ಡದಾಗಿ ನಿಧಾನವಾಗಿ ಒಡೆಯತೊಡಗಿದವು. ಗಂಟನ್ನು ತೆಗೆದು ಹಿಂಡಿದಾಗ ಲೋಳೆಯಂಥ ರಸ ಬಂತು, ಅದನ್ನೂ ಬೆರೆಸಿದೆ. ಮಾಪಕ ನೋಡಲಿಲ್ಲ. ಒಂದು ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ ಎಳೆದು ನೋಡಿದೆ. ಅವ್ವ ಉಂಡೆಗೆ ಪಾಕ ನೋಡುವುದು ಹೀಗೆ. ಮಾಪಕ ಹೇಳುವುದು ಬಿಸಿ ಎಷ್ಟೆಂದು, ಬೆರಳು ಹೇಳುವುದು ಸಕ್ಕರೆ ಎಷ್ಟು ಗಟ್ಟಿಯಾಗಿದೆ ಎಂದು. ಇಂಡಿಯಲ್ಲೂ ಲೇಹ್‌ನಲ್ಲೂ ಬೆರಳಿನ ಲೆಕ್ಕ ಬದಲಾಗುವುದಿಲ್ಲ.

ಕಲಕುತ್ತಾ ನಿಂತಾಗ ತಲೆಯಲ್ಲಿ ಇದ್ದದ್ದು ಅಬಿ-ಲೇ ಮಾತ್ರವಲ್ಲ, ಅಪ್ಪನೂ.

ನಮ್ಮ ಲಿಂಬೆಗೂ 2023ರಲ್ಲಿ ಅದೇ ಭೌಗೋಳಿಕ ಸೂಚಿಕೆ ಬಂತು. ಊರಲ್ಲಿ ಎಲ್ಲರಿಗೂ ಸಂತೋಷವಾಗಿತ್ತು, ನನಗೂ. ಆದರೆ ಬೇಸಿಗೆಯಲ್ಲಿ ಜನ ಕಾಡಿ ಬೇಡಿ ಕೊಳ್ಳುವ ಹಣ್ಣು ಮಳೆಗಾಲದಲ್ಲಿ ಕೇಳುವವರಿಲ್ಲದೆ ಬೀಳುತ್ತದೆ. ಕೀಳುವ ಕೂಲಿ, ಚೀಲ, ಗಾಡಿ ಬಾಡಿಗೆ ಕಳೆದರೆ ಕೈಗೆ ಏನೂ ಉಳಿಯದ ವರ್ಷಗಳಿವೆ. ಅಪ್ಪ ಚೀಲಗಳನ್ನು ಮಾರುಕಟ್ಟೆಯಿಂದ ವಾಪಸು ತಂದು ಬದುವಿನಲ್ಲಿ ಸುರಿದದ್ದನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಆಗಲೂ ಊರಿಗೆ ಯಾರೋ ಬರುತ್ತಿದ್ದರು. ಮೌಲ್ಯವರ್ಧನೆ ಮಾಡಿ, ಶರಬತ್ತು ಮಾಡಿ, ಬಾಟಲಿಗೆ ತುಂಬಿ ಎನ್ನುತ್ತಿದ್ದರು. ಆ ಮಾತಿನಲ್ಲಿ ನನಗೆ ಹಿಡಿಸದ್ದು ಒಂದಿದೆ. ಹಣ್ಣಿಗೆ ಈಗ ಮೌಲ್ಯವಿಲ್ಲ ಎಂದು ಮೊದಲೇ ಒಪ್ಪಿಕೊಂಡು ಶುರುವಾಗುವ ಮಾತು ಅದು. ಬೆಲೆ ಬಿದ್ದದ್ದು ಹಣ್ಣಿನ ದೋಷ ಎಂಬಂತೆ. ಒಳ್ಳೆಯ ಹಣ್ಣು ಬೆಳೆದವನ ಮೇಲೆಯೇ ಇನ್ನೊಂದು ಕೆಲಸ, ಇನ್ನೊಂದು ಖರ್ಚು, ಸಕ್ಕರೆ, ಗಾಜು, ಗ್ಯಾಸ್. ಕೊಳ್ಳುವವನು ಮಾತ್ರ ಏನನ್ನೂ ಕಲಿಯಬೇಕಾಗಿಲ್ಲ.

ಅವ್ವನ ಲಿಂಬೆ ಉಪ್ಪಿನಕಾಯಿಗೂ ಬಣ್ಣವಿಲ್ಲ. ಹಣ್ಣು, ಉಪ್ಪು, ಬಿಸಿಲು ಅಷ್ಟೇ. ಭರಣಿಯಲ್ಲಿ ವರ್ಷ ಕಳೆದಂತೆ ಕಪ್ಪಾಗುತ್ತದೆ. ಜ್ವರ ಬಿಟ್ಟ ಬಾಯಿಗೆ, ಬಿಸಿ ಗಂಜಿಗೆ ಅದಕ್ಕಿಂತ ರುಚಿಯಾದದ್ದು ನನಗೆ ಗೊತ್ತಿಲ್ಲ. ಅದನ್ನು ಅಂಗಡಿಯಲ್ಲಿಟ್ಟರೆ ಆ ಹುಡುಗ ಏನೆನ್ನುತ್ತಾನೆಂದು ಊಹಿಸಬಲ್ಲೆ. ಬಣ್ಣವನ್ನು ನೋಡಿ ಹಣ್ಣನ್ನು ಕೊಳ್ಳುವ ಈ ಅಭ್ಯಾಸ ಯಾರಿಗೂ ಹುಟ್ಟಿನಿಂದ ಬಂದದ್ದಲ್ಲ, ರೂಢಿ ಮಾಡಿಸಿದ್ದು. ರೂಢಿ ಮಾಡಿಸಿದವರೇ ಅದನ್ನು ಬಿಡಿಸಲೂಬಹುದು. ಒಂದು ಚೀಟಿಯಲ್ಲಿ ಎರಡು ಸಾಲು ಬರೆದರೆ ಸಾಕಿತ್ತು: ಗಂಧಕವಿಲ್ಲ, ಅದಕ್ಕೇ ಕಂದು. ಹೆಂಗಸರಿಗೆ ತರಬೇತಿ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಇದಕ್ಕೆ ಇಟ್ಟಿದ್ದರೆ ಅಬಿ-ಲೇ ಆ ಚೀಲವನ್ನು ಮಡಿಲಿಗೆ ಎಳೆದುಕೊಳ್ಳಬೇಕಾಗಿರಲಿಲ್ಲ.

ಜಾಮ್ ಆರಿದ ಮೇಲೆ ಖಂಬೀರ್ ರೊಟ್ಟಿಯ ಮೇಲೆ ಹಚ್ಚಿ ಅವರಿಗೆ ಕೊಟ್ಟೆ. ಅಬಿ-ಲೇ ಮೊದಲು ಲಿಂಬೆ ಸಿಪ್ಪೆಯ ಎಳೆಯೊಂದನ್ನು ಬೇರೆ ಮಾಡಿ ತಿಂದರು.

"ಇದು ಏನು, ಬೇಟಿ?"

ಬುಟ್ಟಿಯಿಂದ ಒಂದು ಲಿಂಬೆ ತಂದು ಕೊಟ್ಟೆ. ಉಗುರಿನಿಂದ ಸಿಪ್ಪೆ ಗೀರಿ ಮೂಸಿದರು. ಎಷ್ಟು ಬೆಲೆ ಎಂದು ಕೇಳಿದರು. ಲೇಹ್‌ನ ಅಂಗಡಿಯಲ್ಲಿ ಒಂದಕ್ಕೆ ಕೊಡುವುದೂ ಹೇಳಿದೆ, ಈ ತಿಂಗಳು ನಮ್ಮ ಅಪ್ಪನಿಗೆ ಸಿಗುವುದೂ ಹೇಳಿದೆ. ಎರಡನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಅಪ್ಪನಿಗೂ ಹಣ್ಣಿನ ಬಣ್ಣ ಸರಿಯಿಲ್ಲ ಎನ್ನುತ್ತಾರೆಯೇ?" ಎಂದರು. ಮಳೆಗಾಲದಲ್ಲಿ ಸಿಪ್ಪೆಯ ಮೇಲೆ ಕಜ್ಜಿಯ ಕಲೆ ಬಿದ್ದರೆ ಹೀಗೇ ಎನ್ನುತ್ತಾರೆ, ಒಳಗಿನ ರಸ ಎಷ್ಟೇ ಇರಲಿ ದರ ಮುರಿಯುತ್ತಾರೆ ಎಂದೆ. ಜಾಮ್ ಬಗ್ಗೆ ಅವರು ಹೇಳಿದ್ದು ಕೊನೆಗೆ: ಒಡೆದ ಹಣ್ಣಿಗೆ ಅಡ್ಡಿಯಿಲ್ಲ, ಸಕ್ಕರೆ ಇನ್ನೂ ಒಂದು ಹಿಡಿ ಕಡಿಮೆ ಮಾಡು, ರಕ್ತ್ಸೆ ಕರ್ಪೊ ಮಾತ್ರ ಮುಟ್ಟಬೇಡ.

ನಿನ್ನೆ ಸಂಘದ ಹೆಂಗಸರು ಹಾಗೆಯೇ ನಿಶ್ಚಯಿಸಿದ್ದಾರೆ. ಜಜ್ಜಿದ ಹಣ್ಣಷ್ಟೇ ಜಾಮ್‌ಗೆ, ಉಳಿದದ್ದು ಮಾಳಿಗೆಗೆ. ತರಬೇತಿಯ ಹುಡುಗನಿಗೆ ನಾನು ಮೊಬೈಲ್‌ನಲ್ಲಿ ಬರೆದು ಕಳಿಸಿದೆ: ಲೇಹ್‌ನಲ್ಲಿ 92, 93ಕ್ಕೆ ಇಳಿಸಬೇಕು, ಲಿಂಬೆಯ ಬೀಜ ಎಸೆಯಬಾರದು. ಅರ್ಧ ಗಂಟೆಯಲ್ಲಿ ಉತ್ತರ ಬಂತು, ಕಿರುಹೊತ್ತಿಗೆಯಲ್ಲಿ ತಿದ್ದಿಸುತ್ತೇನೆ ಎಂದು ಧನ್ಯವಾದ ಹೇಳಿ. ಕಂದು ಹಣ್ಣಿನ ಮಾರಾಟಕ್ಕೆ ಏನು ಮಾಡುತ್ತೀರಿ ಎಂದೂ ಕೇಳಿದ್ದೆ. ಅದನ್ನು ಅವನು ಓದಿದ್ದಾನೆ, ಉತ್ತರಿಸಿಲ್ಲ. ಬರುವ ಮಂಗಳವಾರ ಅವನು ಮತ್ತೆ ಬರುತ್ತಾನೆ. ಅಬಿ-ಲೇ ಪಕ್ಕದಲ್ಲೇ ಕೂತು ಎದುರಿಗೇ ಕೇಳುತ್ತೇನೆ.